‘ಸ್ಕಿಡ್ ಆಗಿ ಬಿದ್ದದ್ದು’ ಅಂತ ಬರೆದ ಒಂದು ಸಾಲು: ಹುಬ್ಬಳ್ಳಿಯಲ್ಲಿ ಅಪಘಾತ ಪರಿಹಾರದ 20 ತಿಂಗಳು

ತಮ್ಮನಿಗೆ 38 ವರ್ಷ. ಗೋಕುಲ ರೋಡಿನ ಲೇತ್ ಶಾಪಿನಲ್ಲಿ ಟರ್ನರ್. ಮಳೆಗಾಲದ ಒಂದು ಸಂಜೆ ಕೆಲಸ ಬಿಟ್ಟು ಬೈಕಿನಲ್ಲಿ ಮನೆಗೆ ಬರುವಾಗ, ಎದುರಿನಿಂದ ಬಂದ ಸಣ್ಣ ಗೂಡ್ಸ್ ಗಾಡಿ ಅವನ ಎಡಗಡೆಗಿದ್ದ ಗೋದಾಮಿನ ಗೇಟಿಗೆ ಹೋಗಲು ಗಕ್ಕನೆ ಬಲಕ್ಕೆ ಹೊರಳಿತು. ಬೈಕು ಗಾಡಿಯ ಎಡ ಬಾಗಿಲಿಗೆ ಬಡಿಯಿತು. ಬಲಗಾಲ ಮೊಣಕಾಲ ಕೆಳಗಿನ ದೊಡ್ಡ ಎಲುಬು ಎರಡು ತುಂಡು. ಅಂದಿನಿಂದ ವಿಮಾ ಕಂಪನಿ ದುಡ್ಡು ಕಟ್ಟಿದ ದಿನಕ್ಕೆ 20 ತಿಂಗಳು. ನಾನು ವಕೀಲರೊಬ್ಬರ ಆಫೀಸಿನಲ್ಲಿ ಕಾರಕೂನ. ಇಂಥ ಫೈಲು ದಿನಾ ಕಟ್ಟುವವನೇ. ಹಂಗಿದ್ದೂ ಮೊದಲ ಎರಡು ದಿನದಲ್ಲಿ ನಮ್ಮ ಕಡೆಯಿಂದಲೇ ಆದ ತಪ್ಪು ಕಡೇತನಕ ಕಾಡಿತು. ಅದಕ್ಕೇ ಇದನ್ನು ಬರೆಯುತ್ತಿರುವುದು.

ತಮ್ಮನನ್ನು ಎತ್ತಿ ಆಟೋಕ್ಕೆ ಹಾಕಿದವರು ಹತ್ತಿರದ ಚಹಾದಂಗಡಿಯವರು. ಕ್ಯಾಜುವಾಲ್ಟಿಯಲ್ಲಿ ಹೆಂಗಾಯ್ತು ಅಂತ ಕೇಳಿದರು. ಪೊಲೀಸು, ಸಾಕ್ಷಿ, ಕೋರ್ಟು ಅಂತ ತಿರುಗಬೇಕಾದೀತು ಎಂದು ಹೆದರಿ ಅವರು ‘ಬೈಕ್ ಸ್ಲಿಪ್ ಆಗಿ ಬಿದ್ರರೀ’ ಅಂದುಬಿಟ್ಟರು. ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಆಸ್ಪತ್ರೆ ಬರೆದಿಡುವ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ರಿಜಿಸ್ಟರಿನಲ್ಲಿ ‘ಸ್ಕಿಡ್ ಆ್ಯಂಡ್ ಫಾಲ್ ಫ್ರಂ ಬೈಕ್’ ಅಂತ ಕೂತಿತು. ಗಾಡಿಯ ಹೆಸರಿಲ್ಲ, ನಂಬರಿಲ್ಲ. ಅವರನ್ನು ಬೈಯುವ ಮನಸ್ಸಿಲ್ಲ, ಅವರಿಲ್ಲದಿದ್ದರೆ ತಮ್ಮ ರಸ್ತೆಯಲ್ಲೇ ಬಿದ್ದಿರುತ್ತಿದ್ದ. ಆದರೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಹೀಗೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳು ಅಂತ ಅವರನ್ನು ಒತ್ತಾಯಿಸುವಂತಿಲ್ಲ. ಇದು ಜನರಿಗೆ ಗೊತ್ತಿದ್ದರೆ ಇಂಥ ಸುಳ್ಳು ಹುಟ್ಟುವುದಿಲ್ಲ.

ನೀವು ಆಸ್ಪತ್ರೆಗೆ ಓಡಿದ ಮೊದಲ ತಾಸಿನಲ್ಲೇ ಮಾಡಬೇಕಾದ ಕೆಲಸ ಇದು: ಡ್ಯೂಟಿ ಡಾಕ್ಟರ ಹತ್ತಿರ ಹೋಗಿ ‘ಹಿಸ್ಟರಿ ಏನಂತ ಬರದೀರಿ ಸಾಹೇಬ್ರ’ ಅಂತ ಕೇಳಿ. ಡಿಕ್ಕಿ ಹೊಡೆದ ಗಾಡಿಯ ನಂಬರು ಗೊತ್ತಿದ್ದರೆ ಅದನ್ನೂ, ಗೊತ್ತಿಲ್ಲದಿದ್ದರೆ ‘ಗೂಡ್ಸ್ ಗಾಡಿ ಡಿಕ್ಕಿ’ ಅಂತಲಾದರೂ ಬರೆಸಿ. ಆಮೇಲೆ ತಿದ್ದಲು ಬರುವುದಿಲ್ಲ. ತಿದ್ದಿದರೆ ಇನ್ನೂ ಅನುಮಾನ. ಇನ್ನೊಂದು, 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕದ ಚಿಕಿತ್ಸೆ ಸಿಗುತ್ತದೆ. ಅಲ್ಲಿಯೂ ಮೊದಲು ನೋಡುವುದು ಅದು ರಸ್ತೆ ಅಪಘಾತ ಅಂತ ದಾಖಲಾಗಿದೆಯೋ ಇಲ್ಲವೋ ಅಂತಲೇ.

ಮರುದಿನ ಬೇರೆ ಆಸ್ಪತ್ರೆಗೆ ಒಯ್ದೆವು, ಅದರ ಮರುದಿನ ಆಪರೇಷನ್, ಎಲುಬಿನೊಳಗೆ ರಾಡು. ಠಾಣೆಗೆ ಹೋಗಿದ್ದು ಮೂರನೇ ದಿನ. ಸಂಚಾರ ಠಾಣೆಯವರು ಬಂದು ತಮ್ಮನ ಹೇಳಿಕೆ ಪಡೆದು ಎಫ್‌ಐಆರ್ ಮಾಡಿದರು. ಈಗ ಐಪಿಸಿ 279, 338 ಅನ್ನುವ ಹಳೇ ಲೆಕ್ಕ ಇಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125(ಬಿ) (ಅದರಿಂದ ತೀವ್ರ ಗಾಯ). ತಡ ಆಯಿತು ಅಂತ ಗಾಬರಿ ಬೇಡ. ಎಫ್‌ಐಆರ್ ತಡವಾದ ಮಾತ್ರಕ್ಕೆ ಅರ್ಜಿ ಸುಳ್ಳಾಗುವುದಿಲ್ಲ, ಮನೆಯವರು ಮೊದಲು ನೋಡುವುದು ಗಾಯಾಳುವಿನ ಜೀವವನ್ನು ಅಂತ ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ತಡವಾದ ಕಾರಣವನ್ನು ದೂರಿನಲ್ಲೇ ಒಂದು ಸಾಲಿನಲ್ಲಿ ಬರೆಸಿ. ನಾವು ಅದನ್ನು ಬರೆಸಿದ್ದೆವು, ಅಷ್ಟರ ಮಟ್ಟಿಗೆ ಬಚಾವಾದೆವು.

ಪಂಚನಾಮೆಯ ದಿನ ನಾನು ಸ್ಥಳದಲ್ಲಿದ್ದೆ. ಜಮಾದಾರರು ಟೇಪು ಹಿಡಿದು ಅಳೆದರು. ಡಾಂಬರು ರಸ್ತೆ 24 ಅಡಿ ಅಗಲ. ಹೆಡ್‌ಲೈಟಿನ ಗಾಜಿನ ಚೂರು ಇನ್ನೂ ಬಿದ್ದಿದ್ದವು. ತಮ್ಮ ಬರುತ್ತಿದ್ದ ಕಡೆಯ ಎಡ ಅಂಚಿನಿಂದ ಆ ಜಾಗ 9 ಅಡಿ. 24ರ ಅರ್ಧ 12, ಅಂದರೆ ಡಿಕ್ಕಿ ಆಗಿದ್ದು ತಮ್ಮನ ಬದಿಯಲ್ಲೇ. ಪಂಚನಾಮೆಯ ಬರವಣಿಗೆಯಲ್ಲಿ ಈ 9 ಅಡಿ ಸರಿಯಾಗಿ ಬಂತು. ಆದರೆ ಜೊತೆಗಿನ ಕೈನಕ್ಷೆಯಲ್ಲಿ ಡಿಕ್ಕಿಯ ಜಾಗ ತೋರಿಸುವ ಗುಣಿಸು ಚಿಹ್ನೆಯನ್ನು ನಡುಗೆರೆಯ ಆಚೆಗೆ, ಗಾಡಿಯ ಬದಿಗೆ ಹಾಕಿದ್ದರು. ನಾನೂ ಅಲ್ಲೇ ನಿಂತಿದ್ದೆ, ನೋಡಲಿಲ್ಲ. ನಕ್ಷೆಯನ್ನು ಯಾರು ಅಷ್ಟು ದಿಟ್ಟಿಸಿ ನೋಡುತ್ತಾರೆ ಅಂದುಕೊಳ್ಳಬೇಡಿ. ವಿಮಾ ಕಂಪನಿಯ ವಕೀಲರು ಮೊದಲು ತೆಗೆಯುವ ಹಾಳೆಯೇ ಅದು.

ಮೋಟಾರು ವಾಹನ ನಿರೀಕ್ಷಕರ ವರದಿ, ಕೋರ್ಟಿನಲ್ಲಿ ಐಎಂವಿ ರಿಪೋರ್ಟ್ ಅನ್ನುತ್ತಾರೆ, ಜನ ಕಡೆಗಣಿಸುವ ಕಾಗದ. ನಮ್ಮದರಲ್ಲಿ ಎರಡು ವಿಷಯ ಇತ್ತು. ಗಾಡಿಯ ಎಡ ಬಾಗಿಲು ಒಳಗೆ ಹೋಗಿದೆ, ಬೈಕಿನ ಫೋರ್ಕ್ ಹಿಂದಕ್ಕೆ ಬಾಗಿದೆ ಅನ್ನುವುದು ಒಂದು. ಅಪಘಾತ ಯಾಂತ್ರಿಕ ದೋಷದಿಂದ ಆಗಿದ್ದಲ್ಲ ಅನ್ನುವುದು ಇನ್ನೊಂದು. ಈ ಎರಡನೆಯ ಸಾಲು ಇದ್ದರೆ ‘ಬ್ರೇಕ್ ಫೇಲಾಯಿತು, ಯಾರ ಕೈಯಲ್ಲೂ ಇರಲಿಲ್ಲ’ ಅನ್ನುವ ರಕ್ಷಣೆಗೆ ಅಲ್ಲಿಗೇ ಬಾಗಿಲು ಬಂದ್. ಗಾಡಿ ಬಿಡಿಸಿಕೊಂಡು ರಿಪೇರಿ ಮಾಡಿಸುವ ಮೊದಲು ಎರಡೂ ಗಾಡಿಯ ಫೋಟೊ ನೀವೇ ತೆಗೆದಿಟ್ಟುಕೊಳ್ಳಿ.

ಮಾಲಕ ಬೇರೆ, ಡ್ರೈವರ್ ಬೇರೆ. ಆರ್‌ಸಿ ಬ್ಯಾಡಗಿಯವರೊಬ್ಬರ ಹೆಸರಿನಲ್ಲಿ. ‘ಗಾಡಿ ಯಾವಾಗೋ ಮಾರೇನ್ರೀ’ ಅಂತ ಅವರು ಫೋನಿನಲ್ಲಿ ಅಂದರು. ಅದು ನಡೆಯುವ ಮಾತಲ್ಲ. ಆರ್‌ಸಿ ಬದಲಾಗುವ ತನಕ ಕಾಯ್ದೆಯ ಕಣ್ಣಿಗೆ ಹೆಸರಿದ್ದವರೇ ಮಾಲಕರು ಅಂತ ನವೀನ್ ಕುಮಾರ್ ಪ್ರಕರಣದಲ್ಲಿ (2018) ತೀರ್ಮಾನವಾಗಿದೆ. ಕೆಲಸದ ಮೇಲೆ ಗಾಡಿ ಓಡಿಸಿದ ಡ್ರೈವರನ ನಿರ್ಲಕ್ಷ್ಯಕ್ಕೆ ಮಾಲಕ ಹೊಣೆ, ಮಾಲಕನ ಹೊಣೆ ಹೊರಲು ವಿಮಾ ಕಂಪನಿ. ಈ ಸರಪಳಿಯ ಒಂದು ಕೊಂಡಿ ಬಿಟ್ಟರೂ ನೋಟಿಸಿನಲ್ಲಿ ಎಡವುತ್ತೀರಿ. ಮೂವರನ್ನೂ ಎದುರುದಾರರನ್ನಾಗಿ ಮಾಡಿ.

ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಈಗ ಮೋಟಾರು ವಾಹನ ಕಾಯ್ದೆಯ 166(3)ರಲ್ಲಿದೆ. ಹಿಂದೆ ಈ ಮಿತಿ ಎಷ್ಟೋ ವರ್ಷ ಇರಲಿಲ್ಲವಾದ್ದರಿಂದ ‘ಕಾಲು ಪೂರಾ ವಾಸಿ ಆಗಲಿ, ಆಮೇಲೆ ನೋಡೋಣು’ ಅನ್ನುವ ಹಳೇ ರೂಢಿ ನಮ್ಮ ಕಡೆ ಇನ್ನೂ ಉಳಿದಿದೆ. ಆ ರೂಢಿ ಬಿಡಿ. ಕಾಗದ ಪೂರ್ತಿ ಇಲ್ಲದಿದ್ದರೂ ಅರ್ಜಿ ಹಾಕಿ, ಉಳಿದಿದ್ದನ್ನು ಆಮೇಲೆ ಹಾಜರುಪಡಿಸಬಹುದು. 2022ರ ನಿಯಮದ ಪ್ರಕಾರ ಪೊಲೀಸರೇ 48 ತಾಸಿನಲ್ಲಿ ಮೊದಲ ವರದಿ, 50 ದಿನದಲ್ಲಿ ಮಧ್ಯಂತರ ವರದಿ, 90 ದಿನದಲ್ಲಿ ವಿಸ್ತೃತ ವರದಿಯನ್ನು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕೊಡಬೇಕು. ಆ ನಮೂನೆಗಳನ್ನು ಕೇಳಿ ಪಡೆಯಿರಿ. ನಾವು ದೋಷಾರೋಪ ಪಟ್ಟಿ ಬಂದ ಮೇಲೆ ದೃಢೀಕೃತ ನಕಲು ತೆಗೆಸಿ, ನಾಲ್ಕನೇ ತಿಂಗಳು ಹುಬ್ಬಳ್ಳಿಯ ಕೋರ್ಟ್ ಸಂಕೀರ್ಣದಲ್ಲಿ ಎಂವಿಸಿ, ಅಂದರೆ ಅಪಘಾತ ಪರಿಹಾರದ ಅರ್ಜಿ, ದಾಖಲಿಸಿದೆವು. ಅಪಘಾತ ಬೇರೆ ಜಿಲ್ಲೆಯಲ್ಲಿ ಆಗಿದ್ದರೂ ನೀವು ವಾಸ ಇರುವ ಊರಿನಲ್ಲಿ ಹಾಕಬಹುದು. ಗದಗಿನವರು ಹೊಸಪೇಟೆಗೆ ಅಲೆಯಬೇಕಾಗಿಲ್ಲ.

ಬ್ಯಾಡಗಿಯ ನೋಟಿಸು ‘ಮನೆ ಬೀಗ’ ಅಂತ ಎರಡು ಸಲ ವಾಪಸು ಬಂತು. ಮೂರು ತಿಂಗಳು ಅದರಲ್ಲೇ ಹೋಯಿತು. ಕಡೆಗೆ ಮಾಲಕ, ಡ್ರೈವರ್ ಇಬ್ಬರೂ ಬರದೆ ಏಕಪಕ್ಷೀಯ ಅಂತ ಆಯಿತು. ಇದರಿಂದ ಅನುಕೂಲ ಆಯಿತು ಅಂದುಕೊಂಡವರು ಮೋಸ ಹೋಗುತ್ತಾರೆ. ಮಾಮೂಲಿಯಾಗಿ ವಿಮಾ ಕಂಪನಿ 150ನೇ ಕಲಂನ ಕೆಲವೇ ರಕ್ಷಣೆ ಎತ್ತಬಹುದು: ಲೈಸೆನ್ಸ್, ಪರ್ಮಿಟ್ ಹೀಗೆ. ಮಾಲಕ ಬಂದು ವಾದ ಮಾಡದಿದ್ದರೆ ಕಂಪನಿ 170ರ ಅರ್ಜಿ ಕೊಟ್ಟು ಮಾಲಕನ ಎಲ್ಲ ರಕ್ಷಣೆಗಳನ್ನೂ ತಾನೇ ಎತ್ತಿಕೊಳ್ಳುತ್ತದೆ. ನಮ್ಮಲ್ಲಿ ಹಾಗೇ ಆಯಿತು.

ಏಳನೇ ತಿಂಗಳು ಕಂಪನಿಯ ಕೈಫಿಯತ್ತು, ಅಂದರೆ ಲಿಖಿತ ಉತ್ತರ, ಕೈಗೆ ಬಂತು. ಎಂಟು ಪುಟ. ಎಂಎಲ್‌ಸಿಯ ಆ ಸಾಲು ನನಗೆ ಗೊತ್ತಾಗಿದ್ದೇ ಆಗ. ಅಪಘಾತವೇ ಆಗಿಲ್ಲ, ಅರ್ಜಿದಾರ ತಾನೇ ಬಿದ್ದು ಪೊಲೀಸರೊಂದಿಗೆ ಸೇರಿ ಗಾಡಿಯನ್ನು ಸಿಲುಕಿಸಿದ್ದಾನೆ ಅನ್ನುವುದು ಮೊದಲ ತಕರಾರು. ಆಗಿದೆ ಅಂತಲೇ ಇಟ್ಟುಕೊಂಡರೂ ತಪ್ಪು ಅರ್ಧ ಅವನದೇ ಅನ್ನುವುದು ಎರಡನೆಯದು. ಅವನ ಲೈಸೆನ್ಸ್ ಐದು ತಿಂಗಳ ಹಿಂದೆ ಮುಗಿದಿತ್ತು, ಹೆಲ್ಮೆಟ್ ಇರಲಿಲ್ಲ, ಗೂಡ್ಸ್ ಡ್ರೈವರನ ಹತ್ತಿರ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಇರಲಿಲ್ಲ. ಒಂದಕ್ಕೊಂದು ಹೊಂದುವುದಿಲ್ಲ ನೋಡಿ, ಆಗಿಲ್ಲ ಅಂತಲೂ ಅರ್ಧ ಅವನದು ಅಂತಲೂ. ಕಾನೂನಿನಲ್ಲಿ ಹಾಗೆ ಒಂದರ ಕೆಳಗೊಂದು ಹಾಕಲು ಬರುತ್ತದೆ. ಓದಿ ತಮ್ಮ ಎರಡು ದಿನ ಊಟ ಮಾಡಲಿಲ್ಲ. ‘ನಾ ಸುಳ್ಳ ಹೇಳೇನೇನು ಅಣ್ಣಾ?’ ಅಂತ ಅವನು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಈ ಭಾಷೆ ಅಚ್ಚು ಹಾಕಿದ ಭಾಷೆ, ಎಲ್ಲ ಕೇಸಿಗೂ ಇದೇ ಬರುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ.

ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಆದ ನಷ್ಟಕ್ಕೆ ಪರಿಹಾರ ಕೇಳುವ ಕಾನೂನು, ಟಾರ್ಟ್, ನಮ್ಮ ಪಠ್ಯಗಳ ‘ಅಪಕೃತ್ಯ’, ನಮ್ಮ ದೇಶದಲ್ಲಿ ಒಂದು ಕಾಯ್ದೆಯಾಗಿ ಕೂತಿಲ್ಲ. ತೀರ್ಪುಗಳಲ್ಲಿ ಹರಡಿದೆ. ಮೋಟಾರು ವಾಹನ ಕಾಯ್ದೆ ಅದಕ್ಕೆ ನ್ಯಾಯಮಂಡಳಿ, ಅರ್ಜಿ, ವಿಮೆಯ ದಾರಿ ಮಾಡಿಕೊಟ್ಟಿದೆ. 166ರಲ್ಲಿ ನಿರ್ಲಕ್ಷ್ಯ ಸಾಬೀತು ಮಾಡಲೇಬೇಕು. ಕ್ರಿಮಿನಲ್ ಕೇಸಿನ ಮಟ್ಟದ ಪುರಾವೆ ಬೇಡ, ಯಾವುದು ಹೆಚ್ಚು ಸಂಭವ ಅನ್ನುವಷ್ಟು ಸಾಕು (ಬಿಮ್ಲಾ ದೇವಿ, 2009). ನಿರ್ಲಕ್ಷ್ಯ ತೋರಿಸಲು ಸಾಧ್ಯವೇ ಇಲ್ಲ ಅನ್ನಿಸಿದರೆ 164ನೇ ಕಲಂ ಇದೆ: ತಪ್ಪು ಯಾರದೇ ಇರಲಿ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಗಾಡಿ ಯಾವುದೆಂದೇ ಗೊತ್ತಾಗದೆ ಓಡಿಹೋಗಿದ್ದರೆ ಬೇರೆ ಯೋಜನೆ, ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ನಮ್ಮ ಎಂಎಲ್‌ಸಿ ನೋಡಿ ಆಫೀಸಿನಲ್ಲೇ ಒಬ್ಬರು 164ಕ್ಕೆ ಹೋಗೋಣ ಅಂದರು. 2.5 ಲಕ್ಷದಲ್ಲಿ ಆಸ್ಪತ್ರೆ ಬಿಲ್ಲು ಹೋದರೆ ಉಳಿಯುವುದು ಒಂದು ಲಕ್ಷ ಚಿಲ್ಲರೆ. ಒಪ್ಪಲಿಲ್ಲ.

ಒಂಬತ್ತನೇ ತಿಂಗಳು ಲೋಕ ಅದಾಲತ್ತಿನಲ್ಲಿ ಕಂಪನಿಯವರು 3.5 ಲಕ್ಷ ಅಂದರು. ಅಲ್ಲಿ ಒಪ್ಪಿ ಸಹಿ ಮಾಡಿದರೆ ಮೇಲ್ಮನವಿ ಇಲ್ಲ. ದುಡ್ಡು ಬೇಗ ಸಿಗುತ್ತದೆ ಅನ್ನುವುದೂ ಖರೆ. ಸಾಲ ತಲೆಮೇಲಿದ್ದವರು ಒಪ್ಪಿದರೆ ತಪ್ಪೆನ್ನಲಾರೆ. ನಾವು 5ಕ್ಕೆ ನಿಂತೆವು, ಅವರು 4ಕ್ಕೆ ನಿಂತರು. ಎದ್ದು ಬಂದೆವು.

ಸಾಕ್ಷಿ ಹಂತದಲ್ಲಿ ತಮ್ಮ ಪಿಡಬ್ಲ್ಯೂ-1, ಅಂದರೆ ನಮ್ಮ ಕಡೆಯ ಮೊದಲ ಸಾಕ್ಷಿ. ಮುಖ್ಯ ವಿಚಾರಣೆ ಅಫಿಡವಿಟ್ ಮೂಲಕ, ಪಾಟೀ ಸವಾಲು ಬಾಯಿಮಾತಿನಲ್ಲಿ. ಅರ್ಧ ತಾಸು ನಡೆಯಿತು. ‘ಹೆಲ್ಮೆಟ್ ಹಾಕಿದ್ರೇನು?’ ಅಂತ ಕೇಳಿದರು. ‘ಇಲ್ರೀ’ ಅಂದ. ಹಾಕಿದ್ದೆ ಅಂತ ಸುಳ್ಳು ಹೇಳಬೇಡ ಅಂತ ಮೊದಲೇ ಹೇಳಿದ್ದೆವು. ಮುರಿದಿದ್ದು ಕಾಲು. ಹೆಲ್ಮೆಟ್ ಇದ್ದಿದ್ದರೆ ಕಾಲು ಉಳಿಯುತ್ತಿತ್ತೇ? ನಿಯಮ ಮುರಿದದ್ದಕ್ಕೂ ಆದ ಗಾಯಕ್ಕೂ ಸಂಬಂಧ ಇರಬೇಕು ಅನ್ನುವುದೇ ಸಹ ನಿರ್ಲಕ್ಷ್ಯದ (ಗಾಯಾಳುವಿನದೇ ಪಾಲಿನ ತಪ್ಪು) ತಿರುಳು. ಒಂದೇ ಬೈಕಿನಲ್ಲಿ ಮೂವರು ಕೂತಿದ್ದ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲೂ (2020) ಇದನ್ನೇ ಹೇಳಿದ್ದು, ಲೈಸೆನ್ಸ್ ಇಲ್ಲದ ಸವಾರನ ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲೂ (2008) ಇದನ್ನೇ. ಮುಗಿದ ಲೈಸೆನ್ಸಿಗೆ ದಂಡ ಬೇರೆ ಕಟ್ಟಬೇಕಾಗಬಹುದು. ಡಿಕ್ಕಿಗೆ ಅದು ಕಾರಣ ಅಲ್ಲ. ತಲೆಗೆ ಪೆಟ್ಟಾಗಿದ್ದರೆ ಮಾತು ಬೇರೆ ಇರುತ್ತಿತ್ತು.

ಆಮೇಲೆ ನಕ್ಷೆ. ‘ಈ ಗುರುತು ರಸ್ತೆಯ ನಡುಗೆರೆ ದಾಟಿದೆ, ಸರಿಯಷ್ಟೇ?’ ಅಂತ ಕೇಳಿದರು. ತಮ್ಮ ನಕ್ಷೆ ನೋಡಿ ‘ಹೌದ್ರೀ’ ಅಂದ. ನಮ್ಮ ವಕೀಲ ಸಾಹೇಬ್ರು ವಾದದ ದಿನ ಪಂಚನಾಮೆಯ ಬರಹ ತೆರೆದಿಟ್ಟರು. ನಕ್ಷೆ ಅಳತೆಗೆ ಬರೆದದ್ದಲ್ಲ, ಬರಹದಲ್ಲಿ ಟೇಪಿನ ಅಳತೆ ಇದೆ, 24ರಲ್ಲಿ 9. ಡೆಂಟು ಗಾಡಿಯ ಎಡ ಬಾಗಿಲಿಗೆ. ಎದುರಿನಿಂದ ನೇರ ಬರುವ ಗಾಡಿಯ ಎಡ ಬಾಗಿಲು ಬೈಕಿನ ಹಾದಿಗೆ ಸಿಗಬೇಕಾದರೆ ಗಾಡಿ ಅಡ್ಡ ಆಗಿರಲೇಬೇಕು. ಇಷ್ಟೇ ವಾದ, ಹತ್ತು ನಿಮಿಷ.

ಚಹಾದಂಗಡಿಯವರು ಪಿಡಬ್ಲ್ಯೂ-2. ಬರಲಿಕ್ಕೇ ಒಲ್ಲೆ ಅಂದಿದ್ದರು. ನಾಲ್ಕು ಸಲ ಹೋಗಿ ಕೇಳಿಕೊಂಡೆವು. ‘ಪೊಲೀಸ್ ಕೇಸ್ ಆಗತೈತಿ ಅಂತ ಅಂಜಿ ಹಂಗ ಹೇಳಿದ್ನಿರೀ’ ಅಂತ ಕಟಕಟೆಯಲ್ಲಿ ಹೇಳಿದರು. ಎರಡನೇ ಆಸ್ಪತ್ರೆಯ ದಾಖಲಾತಿ ಹಾಳೆಯಲ್ಲಿ ಅದೇ ಮರುದಿನ, ಎಫ್‌ಐಆರ್‌ಗಿಂತ ಮೊದಲೇ, ‘ಗೂಡ್ಸ್ ಗಾಡಿ ಡಿಕ್ಕಿ’ ಅಂತ ಇತ್ತು. ಎಂಎಲ್‌ಸಿಯ ಸಾಲು ಬಿದ್ದಿದ್ದು ಈ ಎರಡರಿಂದ. ಕಂಪನಿ ಡ್ರೈವರನನ್ನು ಸಾಕ್ಷಿಗೆ ಕರೆಸಲೇ ಇಲ್ಲ, ಅದನ್ನೂ ತೀರ್ಪಿನಲ್ಲಿ ಅವರ ವಿರುದ್ಧ ಎಣಿಸಿದರು.

ಡ್ರೈವರನ ಲೈಸೆನ್ಸಿನ ತಕರಾರು ತಾನಾಗೇ ಬಿತ್ತು. ಭರ್ತಿ ತೂಕ 7,500 ಕಿಲೋ ಒಳಗಿನ ಗಾಡಿಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು ಅಂತ 2017ರ ಮುಕುಂದ್ ದೇವಾಂಗನ್ ತೀರ್ಪು, ಅದನ್ನು 2024ರ ನವೆಂಬರ್ 6ರಂದು ಸಂವಿಧಾನ ಪೀಠ ಎತ್ತಿಹಿಡಿದಿದೆ. ಲೈಸೆನ್ಸೇ ಇಲ್ಲದ ಡ್ರೈವರ್ ಆಗಿದ್ದರೂ ಗಾಯಾಳುವಿಗೆ ಮೊದಲು ಕೊಟ್ಟು ಮಾಲಕನಿಂದ ವಸೂಲು ಮಾಡಿಕೊಳ್ಳಿ ಅಂತ ಕಂಪನಿಗೆ ಆದೇಶ ಆಗುವುದು ಸ್ವರಣ್ ಸಿಂಗ್ ತೀರ್ಪಿನಿಂದ (2004) ಬಂದ ದಾರಿ.

ಡಾಕ್ಟರ ಸಾಕ್ಷಿ ಎಲ್ಲಕ್ಕಿಂತ ದುಬಾರಿ. ಹೊಸ ಎಕ್ಸ್‌ರೇ, ಪ್ರಮಾಣಪತ್ರ, ಕೋರ್ಟಿಗೆ ಬಂದ ಫೀ ಸೇರಿ ನಮಗೆ 8,500. ಆಪರೇಷನ್ ಮಾಡಿದ ಡಾಕ್ಟರನ್ನೇ ಕರೆಸಲು ನೋಡಿ. ಬೇರೆಯವರಿಂದ ಪ್ರಮಾಣಪತ್ರ ಪಡೆದರೆ ‘ನೀವು ಚಿಕಿತ್ಸೆ ಕೊಟ್ಟಿಲ್ಲ’ ಅನ್ನುವ ಒಂದೇ ಪ್ರಶ್ನೆಗೆ ಅರ್ಧ ಬೆಲೆ ಹೋಗುತ್ತದೆ. ಡಾಕ್ಟರು ಕಾಲಿಗೆ 36 ಪರ್ಸೆಂಟ್ ಊನ ಅಂದರು. ನ್ಯಾಯಮಂಡಳಿಗಳ ರೂಢಿಯಲ್ಲಿ ಇಡೀ ದೇಹಕ್ಕೆ ಅದರ ಮೂರನೇ ಒಂದು, 12. ಆದರೆ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ (2011) ಪ್ರಕಾರ ನೋಡಬೇಕಾದ್ದು ದುಡಿಮೆಗೆ ಎಷ್ಟು ಪೆಟ್ಟು ಅಂತ. ಲೇತ್ ಮುಂದೆ ಎಂಟು ತಾಸು ನಿಲ್ಲುವವನಿಗೂ ಕುರ್ಚಿಯಲ್ಲಿ ಕೂತು ಬರೆಯುವವನಿಗೂ ಅದೇ 12 ಹೇಗಾದೀತು? ಶಾಪಿನ ಮಾಲಕರ ಪತ್ರ ಕೊಟ್ಟಿದ್ದೆವು. 15 ಹಿಡಿದರು.

ಸಂಬಳ 25,000 ಅಂದಿದ್ದೆವು, ಆದರೆ ಕೈಗೆ ಕೊಡುವ ಪಗಾರ, ಬ್ಯಾಂಕಿನಲ್ಲಿ ಗುರುತಿಲ್ಲ. ಪುರಾವೆ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿ ನೋಡಿ ಆ ವರ್ಷದ ಅಂದಾಜು ಆದಾಯ ಹಿಡಿಯುವುದು ನಮ್ಮ ರಾಜ್ಯದ ರೂಢಿ. ನಮಗೆ 15,000 ಹಿಡಿದರು. 36ರಿಂದ 40 ವಯಸ್ಸಿಗೆ ಸರ್ಲಾ ವರ್ಮಾ (2009) ಪಟ್ಟಿಯ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 15. ಲೆಕ್ಕ ಹೀಗೆ: 15,000 × 12 × 15, ಅದರ 15 ಪರ್ಸೆಂಟ್, 4,05,000. ಬಿಲ್ಲುಗಳಿಗೆ 1,38,000, ನೋವಿಗೆ 50,000, ನಾಲ್ಕು ತಿಂಗಳ ದುಡಿಮೆ 60,000, ಬದುಕಿನ ಸುಖ ತಪ್ಪಿದ್ದಕ್ಕೆ 40,000, ರಾಡು ತೆಗೆಸಲು 25,000, ಆರೈಕೆ ಮತ್ತು ಓಡಾಟಕ್ಕೆ 20,000. ಒಟ್ಟು 7,38,000.

ಬಿಲ್ಲಿನ ವಿಷಯದಲ್ಲಿ ಒಂದು ಮಾತು. ಔಷಧ ಅಂಗಡಿಯ ನುಣುಪು ಕಾಗದದ ಬಿಲ್ಲು ಬಿಸಿಲಿಗೆ, ಪ್ಲಾಸ್ಟಿಕ್ ಕವರಿನ ಶಾಖಕ್ಕೆ ಅಕ್ಷರ ಬಿಟ್ಟುಕೊಡುತ್ತದೆ. ನಮ್ಮ 11 ಬಿಲ್ಲು ವರ್ಷದಲ್ಲಿ ಬಿಳಿ ಚೀಟಿ ಆಗಿದ್ದವು. ವಾರದೊಳಗೆ ಝೆರಾಕ್ಸ್ ಮಾಡಿಸಿ, ಅಂಗಡಿಯವರ ಸಿಕ್ಕಾ ಹೊಡೆಸಿ, ಮೂಲವನ್ನೂ ಜೊತೆಗಿಡಿ. ಡಾಕ್ಟರ ಚೀಟಿ ಇಲ್ಲದ ಬಿಲ್ಲನ್ನು ಹೊಡೆದುಹಾಕುತ್ತಾರೆ.

18ನೇ ತಿಂಗಳು ತೀರ್ಪು. 50 ಕೇಳಿದ್ದ ಕಂಪನಿಗೆ 10 ಪರ್ಸೆಂಟ್ ಸಹ ನಿರ್ಲಕ್ಷ್ಯ ಸಿಕ್ಕಿತು: ಅಡ್ಡ ತಿರುಗುವ ಗಾಡಿಯನ್ನು ಕಂಡು ಸವಾರ ವೇಗ ತಗ್ಗಿಸಬಹುದಿತ್ತು ಅಂತ. ನನ್ನ ಮಟ್ಟಿಗೆ ಇದು ಸರಿಯಲ್ಲ, ಗಕ್ಕನೆ ಹೊರಳಿದ ಗಾಡಿಗೆ ಎಷ್ಟು ತಗ್ಗಿಸುವುದು? 7,38,000ದಲ್ಲಿ ಹತ್ತು ಕಳೆದು 6,64,200. ಅರ್ಜಿಯ ದಿನದಿಂದ ವರ್ಷಕ್ಕೆ 6 ಪರ್ಸೆಂಟ್ ಬಡ್ಡಿ, ಮುಂದಿನ ಚಿಕಿತ್ಸೆಯ ಹಣಕ್ಕೆ ಬಡ್ಡಿ ಇಲ್ಲ. 16 ತಿಂಗಳಿಗೆ 51,336 ಬಂತು. 30 ದಿನದಲ್ಲಿ ಕಟ್ಟಬೇಕಾದ್ದು ಎರಡನೇ ತಿಂಗಳಿಗೆ ಹೋಯಿತು, ಅಮಲ್ಜಾರಿ (ತೀರ್ಪು ಜಾರಿ ಮಾಡಿಸುವ) ಅರ್ಜಿ ತಯಾರು ಮಾಡಿದ ಮೇಲೆ. ಅರ್ಧ ಮೂರು ವರ್ಷದ ಠೇವಣಿ, ಅರ್ಧ ಖಾತೆಗೆ. ಪಾಸ್‌ಬುಕ್, ಆಧಾರ್, ಪ್ಯಾನ್ ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇರಲಿ. ‘ಪ’ ಒತ್ತಕ್ಷರ ಒಂದು ಕಡೆ ಇಲ್ಲ ಅಂತ ನಮ್ಮದು ಹದಿನೈದು ದಿನ ನಿಂತಿತು.

ವಕೀಲರ ಫೀ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಅಂತ ಮಾತಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಕೆಲಸಕ್ಕೆ ಇಷ್ಟು ಅಂತ ಮೊದಲೇ ಮಾತಾಡಿ, ರಸೀದಿ ಪಡೆಯಿರಿ. ಖಾಲಿ ಚೆಕ್ಕಿಗೆ ಸಹಿ ಹಾಕಿ ಯಾರಿಗೂ ಕೊಡಬೇಡಿ.

ಉಳಿದದ್ದು ಮೇಲ್ಮನವಿ. ತೀರ್ಪಿನಿಂದ 90 ದಿನ, ಹೈಕೋರ್ಟಿನ ಧಾರವಾಡ ಪೀಠಕ್ಕೆ. ಗಾಯದ ಪ್ರಕರಣದಲ್ಲೂ ಮುಂದೆ ಹೆಚ್ಚಬಹುದಾದ ಆದಾಯ ಸೇರಿಸಬೇಕು ಅಂತ ಪಪ್ಪು ದೇವ್ ಯಾದವ್ ತೀರ್ಪಿದೆ (2020). 40ರ ಒಳಗಿನ, ಕಾಯಂ ನೌಕರಿ ಇಲ್ಲದವರಿಗೆ ಪ್ರಣಯ್ ಸೇಥಿ (2017) ಪ್ರಕಾರ ಅದು 40 ಪರ್ಸೆಂಟ್. ನಮ್ಮ ಮಂಡಳಿ ಸೇರಿಸಿಲ್ಲ. ಸೇರಿಸಿದರೆ 4,05,000 ಇದ್ದದ್ದು 5,67,000 ಆಗುತ್ತದೆ. ಈ 1,62,000 ಮತ್ತು ಆ ಹತ್ತು ಪರ್ಸೆಂಟು, ಎರಡೇ ಕಾರಣ ಬರೆದು ಮನವಿ ತಯಾರಿದೆ. ದೃಢೀಕೃತ ನಕಲಿಗೆ ಹಿಡಿದ ದಿನಗಳನ್ನು 90ರ ಲೆಕ್ಕದಿಂದ ಬಿಡುತ್ತಾರೆ, ಆದರೂ ನಕಲಿನ ಅರ್ಜಿಯನ್ನು ತೀರ್ಪಿನ ದಿನವೇ ಹಾಕಿದ್ದೆವು. ಇವತ್ತಿಗೆ 71ನೇ ದಿನ.